ಸರ್ವರ್ ಡೌನ್ ಅನ್ನುವ ಮುನ್ನ

ಊರಿನ ಹುಡುಗ ಕಂಪ್ಯೂಟರ್ ಸೈನ್ಸ್ ಸೇರಿದರೆ ಸಾಕು, ಸುತ್ತಲಿನವರ ಪಾಲಿಗೆ ಅವನು ರಿಪೇರಿಯವನೂ ಹೌದು. ನಾನು ಹೊಳಲಿನವನು. ಕಳೆದ ರಜೆಯಲ್ಲಿ ಬೆಲ್ಲದ ವ್ಯಾಪಾರ ಮಾಡುವ ಪರಿಚಿತರೊಬ್ಬರು ಮಂಡ್ಯದ ತಮ್ಮ ಕಚೇರಿಗೆ ಕರೆದರು. ಅಲ್ಲಿರುವುದು ನಾಲ್ಕೇ ಕಂಪ್ಯೂಟರ್. ಲೆಕ್ಕದ ಫೈಲ್‌ಗಳೆಲ್ಲ ಒಂದರಲ್ಲಿ. ಉಳಿದ ಮೂರರಲ್ಲಿ ಕೂತವರು ನೆಟ್‌ವರ್ಕ್ ಮೂಲಕ ಅವನ್ನೇ ತೆರೆಯಬೇಕು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಅಕ್ಕನಿಗೆ ಮಾತ್ರ ಫೋಲ್ಡರ್ ತೆರೆಯುತ್ತಿರಲಿಲ್ಲ. ‘ಸರ್ವರ್ ಡೌನ್ ಆಗೈತೆ ಕಣಪ್ಪ’ ಎಂದರು ಮಾಲೀಕರು. ಬೆಲ್ಲ ಹಾಕಿ, ಪಟ್ಟಿ ಪಡೆಯಲು ಬಂದಿದ್ದ ಇಬ್ಬರು ರೈತರು ಬೆಂಚಿನ ಮೇಲೆ ಕಾಯುತ್ತಿದ್ದರು.

ನೆಟ್‌ವರ್ಕ್‌ನ ಏಳು ಪದರಗಳನ್ನು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆದರೆ ಅಂದು ಮಾಡಿದ್ದೇನು? ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಯೂಟ್ಯೂಬ್ ನೋಡಿ ಫೈರ್‌ವಾಲ್ ತೆಗೆದೆ. ಕೊನೆಗೆ ಫೋಲ್ಡರನ್ನು ಎಲ್ಲರಿಗೂ ಪೂರ್ತಿ ಬಿಟ್ಟುಕೊಟ್ಟೆ. ತೆರೆಯಿತು! ಕಾಫಿ ಕೊಡಿಸಿದರು. ವಾರದೊಳಗೆ ಯಾರದೋ ಕೈತಪ್ಪಿನಿಂದ ಒಂದು ತಿಂಗಳ ಬಿಲ್‌ಗಳು ಅಳಿಸಿಹೋದವು. ಬ್ಯಾಕಪ್ ಇರಲಿಲ್ಲ. ಕಾಗದದ ಚೀಟಿಗಳನ್ನು ಹುಡುಕಿ, ಎರಡು ದಿನ ಕೂತು ಮತ್ತೆ ಟೈಪ್ ಮಾಡಿದ್ದು ಅದೇ ಅಕ್ಕ.

ನಾನು ನಮ್ಮಪ್ಪನಿಂದ ಕಲಿಯಬೇಕಿತ್ತು. ಗದ್ದೆಗೆ ನೀರು ಬರದಿದ್ದರೆ ಅವರು ‘ಕೆಆರ್‌ಎಸ್ ಖಾಲಿ’ ಎಂದು ಮನೆಯಲ್ಲಿ ಕೂರುವುದಿಲ್ಲ. ಮೊದಲು ನಮ್ಮ ಗದ್ದೆಯ ಮಡೆ ನೋಡುತ್ತಾರೆ, ಆಮೇಲೆ ಕಾಲುವೆ, ಆಮೇಲೆ ತೂಬು. ನೀರು ಎಲ್ಲಿಯವರೆಗೆ ಬಂದಿದೆ ಎಂದು ಗೊತ್ತಾದರೆ ಎಲ್ಲಿ ನಿಂತಿದೆ ಎಂದೂ ಗೊತ್ತಾಗುತ್ತದೆ. ನೆಟ್‌ವರ್ಕ್‌ಗೂ ಇದೇ ಕ್ರಮ. ಕೇಬಲ್ ಸಿಕ್ಕಿಸಿದ ಕಡೆ ದೀಪ ಉರಿಯುತ್ತಿದೆಯೇ? ಐಪಿ ವಿಳಾಸ ಬಂದಿದೆಯೇ? ಅದು 169.254ರಿಂದ ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಪಿಂಗ್ ಮಾಡಿದರೆ ರೂಟರ್ ಉತ್ತರಿಸುತ್ತದೆಯೇ? ಫೈಲ್ ಇರುವ ಕಂಪ್ಯೂಟರ್ ಹೆಸರು ಕೊಟ್ಟರೆ ಸಿಗದೆ, ಐಪಿ ಸಂಖ್ಯೆ ಕೊಟ್ಟರೆ ಸಿಕ್ಕಿದರೆ ತೊಡಕಿರುವುದು ಹೆಸರಿನಲ್ಲಿ, ಕೇಬಲ್‌ನಲ್ಲಲ್ಲ.

ಅಂದು ಪರದೆಯ ಮೇಲೆ ‘ಆಕ್ಸೆಸ್ ಡಿನೈಡ್’ ಎಂದು ಬಂದಿತ್ತು. ನಾನು ಓದಿದ್ದೆ, ಯೋಚಿಸಲಿಲ್ಲ. ದಾರಿ ಸಿಗದಿರುವುದು ಬೇರೆ, ಬಾಗಿಲು ತೆರೆಯದಿರುವುದು ಬೇರೆ. ಬಾಗಿಲವರೆಗೆ ಹೋಗಿದ್ದಕ್ಕೇ ತಾನೆ ‘ಒಳಗೆ ಬಿಡುವುದಿಲ್ಲ’ ಎಂದದ್ದು! ವಿಂಡೋಸ್‌ನಲ್ಲಿ ಹಂಚಿದ ಫೋಲ್ಡರಿಗೆ ಸಾಮಾನ್ಯವಾಗಿ ಎರಡು ಬೀಗ: ಹಂಚಿಕೆಯ ಅನುಮತಿ ಒಂದು, ಫೋಲ್ಡರಿನದ್ದೇ ಅನುಮತಿ ಇನ್ನೊಂದು. ನೆಟ್‌ವರ್ಕ್‌ನಿಂದ ಬರುವವರಿಗೆ ಎರಡರಲ್ಲಿ ಬಿಗಿಯಾದದ್ದೇ ಅನ್ವಯ. ಅಕ್ಕನ ಹೆಸರು ಮೊದಲನೆಯದರಲ್ಲಿತ್ತು, ಎರಡನೆಯದರಲ್ಲಿ ಇರಲಿಲ್ಲ. ಸೇರಿಸುವುದು ಐದು ನಿಮಿಷದ ಕೆಲಸ.

ಫೈರ್‌ವಾಲ್ ತೆಗೆದದ್ದಂತೂ ಇನ್ನೂ ದೊಡ್ಡ ತಪ್ಪು. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ವಾನಾಕ್ರೈ, ವಿಂಡೋಸ್‌ನ ಫೈಲ್ ಹಂಚಿಕೆಯಲ್ಲಿದ್ದ ಲೋಪವನ್ನು ಹಿಡಿದೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಬ್ಬಿತ್ತು.

ಲ್ಯಾಬ್‌ನಲ್ಲಿ ನಮಗೆ ಸಿಗುವುದು ಸರಿಯಾಗಿ ನಡೆಯುವ ನೆಟ್‌ವರ್ಕ್. ಮ್ಯಾನ್ಯುಯಲ್ ನೋಡಿ ಪ್ರೋಗ್ರಾಂ ಬರೆದು, ಔಟ್‌ಪುಟ್ ತೋರಿಸಿ ಅಂಕ ಪಡೆಯುತ್ತೇವೆ. ಕಾಲೇಜುಗಳು ತಿಂಗಳಿಗೊಂದು ದಿನವಾದರೂ ಬೇಕೆಂದೇ ಕೆಡಿಸಿದ ನೆಟ್‌ವರ್ಕ್ ಕೊಡಲಿ. ಸರಿಯಾದದ್ದಕ್ಕಷ್ಟೇ ಅಲ್ಲ, ದೋಷ ಹುಡುಕಿದ ಬಗೆಗೂ ಅಂಕವಿರಲಿ. ಅಲ್ಲಿಯವರೆಗೆ ನಾವೇ ಹಳೆಯ ಎರಡು ಕಂಪ್ಯೂಟರ್ ಜೋಡಿಸಿ, ಕೆಡಿಸಿ, ಹುಡುಕಿ ಕಲಿಯಬಹುದು. ಸಪೋರ್ಟ್ ಕೆಲಸ ಹುಡುಕುವ ಗೆಳೆಯರಿಗೆ ಯಾವ ಸರ್ಟಿಫಿಕೇಟಿಗಿಂತಲೂ ಈ ಅಭ್ಯಾಸವೇ ಹೆಚ್ಚು ನೆರವಾದೀತು.

ನಾನು ಮತ್ತೆ ಹೋಗಿ ಅನುಮತಿಗಳನ್ನು ಸರಿಪಡಿಸಿದೆ, ಫೈರ್‌ವಾಲ್ ಹಾಕಿದೆ, ದಿನವೂ ಬ್ಯಾಕಪ್ ಆಗುವಂತೆ ಮಾಡಿದೆ. ಅಕ್ಕನ ಎರಡು ದಿನಗಳನ್ನು ಮಾತ್ರ ವಾಪಸ್ ಕೊಡಲಾಗಲಿಲ್ಲ. ಈಗ ಮತ್ತೆ ಕರೆ ಬಂದಿದೆ, ಪ್ರಿಂಟರ್ ಕೈಕೊಟ್ಟಿದೆಯಂತೆ. ಈ ಸಲ ಕೇಬಲ್ ಕೀಳುವ ಮೊದಲು ಪರದೆ ಓದುತ್ತೇನೆ.

– ಬಿ.ಇ. ವಿದ್ಯಾರ್ಥಿ, ಹೊಳಲು, ಮಂಡ್ಯ