ಒಂದು ಅಂಕಿಯ ನಾಲ್ಕು ದಶಕ

ಮಹಾಕೂಟದ ಪುಷ್ಕರಣಿಯ ನೀರು ಬಿರುಬೇಸಿಗೆಯಲ್ಲೂ ಬತ್ತುವುದಿಲ್ಲ. ಶ್ರಾವಣ ಸೋಮವಾರದ ಬೆಳಿಗ್ಗೆ ಅದರ ಮೆಟ್ಟಿಲ ಮೇಲೆ ಕೂತು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮುಳುಗು ಹಾಕಿ ಎದ್ದ ಹಿರಿಯರಲ್ಲಿ ಇಬ್ಬರು ಮೂವರು ಒದ್ದೆ ಧೋತರದಲ್ಲೇ ಮರದ ಮರೆಗೆ ಹೋಗುತ್ತಾರೆ, ಹೋದವರು ಬೇಗ ಬರುವುದಿಲ್ಲ. “ಎಷ್ಟೊತ್ತೋ ಮಾರಾಯಾ ಕಾಲ್ಮಡಿಯೋದು?” ಎಂದು ಜೊತೆಗಾರ ಚೇಷ್ಟೆ ಮಾಡುತ್ತಾನೆ. “ನಿನಗೂ ವಯಸ್ಸಾಗ್ತೈತಿ, ತಡಿ” ಎಂಬ ಉತ್ತರ ಬರುತ್ತದೆ. ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಗಂಡಸಿನ ಪ್ರಾಸ್ಟೇಟ್ ಗ್ರಂಥಿಯ ಬಗ್ಗೆ ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ನಾಲ್ಕು ಜನರೆದುರು ನಡೆದ ಚರ್ಚೆ ಬಹುಕಾಲ ಇಷ್ಟೇ ಇತ್ತು. ಆ ನಗೆಯ ಪಕ್ಕದಲ್ಲೇ ಒಂದು ರಕ್ತಪರೀಕ್ಷೆ ನಮ್ಮ ಊರುಗಳಿಗೆ ಬಂತು, ದೊಡ್ಡ ಭರವಸೆ ಹೊತ್ತು ಬಂತು. ಅದು ಏನು ಕೊಟ್ಟಿತು, ಏನು ಕಸಿದುಕೊಂಡಿತು ಎಂದು ತಿರುಗಿ ನೋಡುವಷ್ಟು ಕಾಲ ಈಗ ಸಂದಿದೆ.

ನಾವು ಇನ್ನೂ ವಿಜಾಪುರ ಜಿಲ್ಲೆಯವರಾಗಿದ್ದ ಕಾಲವನ್ನು ನೆನೆಯಿರಿ. ಚಾಲುಕ್ಯ ದೊರೆ ಮಂಗಳೇಶನ ಶಾಸನದ ಕಂಬವನ್ನು ಮಹಾಕೂಟದಿಂದ ವಿಜಾಪುರಕ್ಕೆ ಒಯ್ದಿದ್ದರು. ನಮ್ಮ ರೋಗಿಗಳೂ ಅದೇ ದಾರಿ ಹಿಡಿಯಬೇಕಿತ್ತು, ಇಲ್ಲವೆಂದರೆ ಹುಬ್ಬಳ್ಳಿಗೆ. ರಾತ್ರಿ ಉಚ್ಚಿ ಕಟ್ಟಿದ ಮುದುಕನನ್ನು ಚಕ್ಕಡಿಯಲ್ಲಿ ಮಲಗಿಸಿ ಸ್ಟೇಶನ್ನಿಗೆ ತಂದು, ಗದಗ–ಹೋಟಗಿ ಮೀಟರ್‌ಗೇಜ್ ಗಾಡಿಗೆ ಕಾಯುತ್ತಿದ್ದ ಕಥೆ ಈ ಭಾಗದ ಎಷ್ಟೋ ಮನೆಗಳಲ್ಲಿದೆ. ಆಗ ವೈದ್ಯರಿಗಿದ್ದ ಮುಖ್ಯ ಸಾಧನ ಕೈಬೆರಳು. ಗುದದ್ವಾರದಿಂದ ಗ್ರಂಥಿಯನ್ನು ತಡವಿ, ಮೆತ್ತಗಿದೆಯೋ ಕಲ್ಲಿನಂತೆ ಗಟ್ಟಿಯಾಗಿದೆಯೋ ನೋಡುತ್ತಿದ್ದರು. ರಕ್ತದಲ್ಲಿ ಆ್ಯಸಿಡ್ ಫಾಸ್ಫಟೇಸ್ ಅಳೆಯುವ ಪರೀಕ್ಷೆ 1930ರ ದಶಕದ ಕೊನೆಯಿಂದಲೂ ಇತ್ತು, ಆದರೆ ಅದು ಹೆಚ್ಚಾಗಿ ಏರುತ್ತಿದ್ದದ್ದು ಗ್ರಂಥಿಯ ಕ್ಯಾನ್ಸರ್ ಎಲುಬಿಗೆ ಇಳಿದ ಮೇಲೆ. ಗಂಡು ಹಾರ್ಮೋನು ನಿಲ್ಲಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ವೃಷಣ ತೆಗೆಯುವ ಆ ಚಿಕಿತ್ಸೆಯನ್ನು ಒಕ್ಕಲುತನದವರಿಗೆ ವಿವರಿಸುವುದು ಕಷ್ಟವಿರಲಿಲ್ಲ. ಹೋರಿಯ ಬೀಜ ಒಡೆಸಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಒಪ್ಪಿಸುವುದು ಮಾತ್ರ ಕಷ್ಟವಾಗಿತ್ತು. ಹಾರ್ಮೋನು ನಿಲ್ಲಿಸುವ ತಿಂಗಳ, ಮೂರು ತಿಂಗಳ ಇಂಜೆಕ್ಷನ್ನಿನ ಖರ್ಚು ತಡೆಯದವರಿಗೆ ಇಂದಿಗೂ ಅದೇ ಶಸ್ತ್ರಕ್ರಿಯೆ ದಾರಿಯಾಗಿದೆ.

ಹೊಸ ಪರೀಕ್ಷೆಯ ಹುಟ್ಟು ದೂರದಲ್ಲಾಯಿತು. ಪ್ರಾಸ್ಟೇಟಿನ ಪ್ರೋಟೀನೊಂದನ್ನು 1970ರಲ್ಲಿ ರಿಚರ್ಡ್ ಆಬ್ಲಿನ್ ಗುರುತಿಸಿದರು. 1979ರಲ್ಲಿ ಅಮೆರಿಕದ ಬಫೆಲೋ ನಗರದ ರಾಸ್ವೆಲ್ ಪಾರ್ಕ್ ಸಂಸ್ಥೆಯ ತಂಡ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿತು. ಪಿಎಸ್‌ಎ ಎಂಬ ಈ ಪ್ರೋಟೀನು ವಿಷವೂ ಅಲ್ಲ, ರೋಗಾಣುವೂ ಅಲ್ಲ. ವೀರ್ಯವನ್ನು ತಿಳಿಯಾಗಿಸುವುದು ಅದರ ಕೆಲಸ, ಎಲ್ಲ ಗಂಡಸರಲ್ಲೂ ಇರುತ್ತದೆ. ಅದರಲ್ಲಿ ಚೂರುಪಾರು ರಕ್ತಕ್ಕೆ ಸೋರುತ್ತದೆ. ಎಷ್ಟು ಚೂರು ಎಂದರೆ ಅಳತೆ ನ್ಯಾನೋಗ್ರಾಂನಲ್ಲಿ, ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲಿನಲ್ಲಿ. ಹೊಲದ ಒಡ್ಡು ಸೋರಿದಾಗ ರೈತ ಏನು ಮಾಡುತ್ತಾನೆ? ಏಡಿ ಕೊರೆದಿರಬಹುದು, ಮಳೆ ಹೆಚ್ಚಾಗಿರಬಹುದು, ದನ ತುಳಿದಿರಬಹುದು; ಬಗ್ಗಿ ನೋಡದೆ ಹೇಳುವುದಿಲ್ಲ. ಪಿಎಸ್‌ಎ ಹೇಳುವುದೂ ಒಡ್ಡು ಸೋರುತ್ತಿದೆ ಎಂದಷ್ಟೇ. ಕ್ಯಾನ್ಸರಿಗೆ ಏಡಿಗಂತಿ ಎಂದು ಹೆಸರಿಟ್ಟ ಕನ್ನಡಿಗರಿಗೆ ಈ ಭೇದ ಬೇಗ ತಿಳಿಯಬೇಕಿತ್ತು. ಆದರೆ ಬಂದದ್ದು ಭೇದವಲ್ಲ, ಒಂದು ಅಂಕಿ: ನಾಲ್ಕು. ನಾಲ್ಕರ ಕೆಳಗೆ ನಿಶ್ಚಿಂತೆ, ನಾಲ್ಕರ ಮೇಲೆ ಭಯ.

ಅಮೆರಿಕದ ಔಷಧ ಆಡಳಿತ 1986ರಲ್ಲಿ ಇದಕ್ಕೆ ಅನುಮತಿ ಕೊಟ್ಟದ್ದು ರೋಗ ಹುಡುಕಲಿಕ್ಕಲ್ಲ, ಈಗಾಗಲೇ ರೋಗವಿದ್ದವರ ಮೇಲೆ ಕಣ್ಣಿಡಲು. ಆ ಕೆಲಸವನ್ನು ಅದು ಇಂದಿಗೂ ಚೆನ್ನಾಗಿ ಮಾಡುತ್ತದೆ. ಶಸ್ತ್ರಕ್ರಿಯೆಯಲ್ಲಿ ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ಅಂಕಿ ಸೊನ್ನೆಯ ಹತ್ತಿರ ಇಳಿಯಬೇಕು. ಮತ್ತೆ ಏರಿದರೆ ರೋಗ ಮರಳಿದೆ ಎಂಬ ಸುಳಿವು ನೋವಿಗಿಂತ ಎಷ್ಟೋ ಮೊದಲು ಸಿಗುತ್ತದೆ. ಆರೋಗ್ಯವಂತರಲ್ಲಿ ರೋಗ ಹುಡುಕಲು ಇದನ್ನು ಬಳಸಬಹುದೆಂದು ವಿಲಿಯಂ ಕ್ಯಾಟಲೋನಾ 1991ರಲ್ಲಿ ಬರೆದರು, 1994ರಲ್ಲಿ ಅದಕ್ಕೂ ಒಪ್ಪಿಗೆ ಸಿಕ್ಕಿತು. ಬೇಗ ಹುಡುಕಿದರೆ ಬದುಕು ಉಳಿಯುತ್ತದೆ ಎಂಬ ಘೋಷಣೆ ಜಗತ್ತು ಸುತ್ತಿತು. ನಮ್ಮಲ್ಲಿ 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆ ಹುಟ್ಟಿತು. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಓಣಿಗಳನ್ನು ಬಿಟ್ಟುಕೊಟ್ಟವರು ನವನಗರದ ಸೆಕ್ಟರುಗಳಲ್ಲಿ ನೆಲೆಯಾದರು. 2002ರಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಶುರುವಾಯಿತು. ನಂತರದ ವರ್ಷಗಳಲ್ಲಿ ಗಲ್ಲಿಗೊಂದು ಲ್ಯಾಬ್ ಬಂತು, ಐವತ್ತು ದಾಟಿದವರ ಪ್ಯಾಕೇಜಿನಲ್ಲಿ ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್ ಜೊತೆ ಪಿಎಸ್‌ಎಯೂ ಸೇರಿತು. ಗಾಡಿ ಹತ್ತಿ ಹೋಗಬೇಕಿದ್ದ ಪರೀಕ್ಷೆ ಮನೆ ಬಾಗಿಲಿಗೆ ಬಂದದ್ದು ಸಣ್ಣ ಲಾಭವಲ್ಲ. ಅದರೊಡನೆ ಬರಬೇಕಿದ್ದ ಮಾತು ಬರಲಿಲ್ಲ.

ಇದನ್ನು ಬರೆಯುವವನ ಮನೆಯಲ್ಲೇ ಇದು ನಡೆಯಿತು. ಕಾಕಾ ಅವರಿಗೆ ಜ್ವರ ಬಂದು ಉಚ್ಚಿ ಕಟ್ಟಿತು, ಪೈಪ್ ಹಾಕಿದರು. ಮರುದಿನವೇ ರಕ್ತ ತೆಗೆದರು. ಸಂಜೆ ಬಂದ ಕಾಗದದಲ್ಲಿ 38 ಎಂಬ ಅಂಕಿ ದಪ್ಪಕ್ಷರದಲ್ಲಿತ್ತು, ಪಕ್ಕದಲ್ಲಿ ಮೇಲ್ಮುಖದ ಬಾಣ. ಕಾಗದ ಕೊಟ್ಟ ಹುಡುಗ “ಕ್ಯಾನ್ಸರ್ ಇರಬೇಕ್ರಿ” ಅಂದ. ಆ ರಾತ್ರಿ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಕಾಕಾ ಮಾತ್ರ ಕಂಬಕ್ಕೆ ಒರಗಿ ಕೂತು, ಯಾವ ಹೊಲ ಮಾರಬೇಕು, ಯಾವುದನ್ನು ಉಳಿಸಬೇಕು ಎಂದು ಮಗನಿಗೆ ಲೆಕ್ಕ ಹೇಳುತ್ತಿದ್ದರು. ಎರಡು ತಿಂಗಳ ಮೇಲೆ, ಸೋಂಕು ವಾಸಿಯಾಗಿ ಪೈಪ್ ತೆಗೆದ ಬಳಿಕ, ಹುಬ್ಬಳ್ಳಿಯ ವೈದ್ಯರೊಬ್ಬರು ಮತ್ತೆ ಅಳೆಸಿದಾಗ 3.2 ಇತ್ತು. ಮೂತ್ರದ ಸೋಂಕು, ಗ್ರಂಥಿಯ ಉರಿ, ಪೈಪ್, ಉಚ್ಚಿ ಕಟ್ಟುವುದು ಇವೆಲ್ಲ ಅಂಕಿಯನ್ನು ಏರಿಸುತ್ತವೆ. ಸೋಂಕಿದ್ದರೆ ವಾಸಿಯಾಗಿ ಆರು ವಾರವಾದರೂ ಕಳೆಯಬೇಕು. ಪರೀಕ್ಷೆಯ ಹಿಂದಿನ ಎರಡು ದಿನ ದೂರದ ಸೈಕಲ್ ಸವಾರಿ, ಹೆಂಡತಿಯ ಸಂಗ ಎರಡೂ ಬೇಡ. ಇವನ್ನು ಹೇಳಲು ಎರಡು ನಿಮಿಷ ಸಾಕಿತ್ತು. ಇದರ ತಿರುಮುರುವಾದ ಮೋಸವೂ ಉಂಟು. ಗ್ರಂಥಿ ಕುಗ್ಗಿಸಲು ಕೊಡುವ ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್ ಗುಳಿಗೆ ಆರು ತಿಂಗಳು, ವರ್ಷ ನುಂಗಿದವರಲ್ಲಿ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಅವರ ಕಾಗದದ ಮೂರನ್ನು ಆರು ಎಂದು ಓದಬೇಕು. ಗುಳಿಗೆಯ ಹೆಸರು ಕೇಳದೆ ರಕ್ತ ತೆಗೆದರೆ, ನಿಶ್ಚಿಂತೆಯ ಕಾಗದ ಹಿಡಿದ ಮನುಷ್ಯ ಅಪಾಯ ಹೊತ್ತು ಮನೆಗೆ ಹೋಗುತ್ತಾನೆ.

ನಾಲ್ಕೆಂಬ ಗೆರೆ ಕಲ್ಲಿನ ಮೇಲೆ ಕೊರೆದದ್ದಲ್ಲ ಎಂದು 2004ರಲ್ಲೇ ಬಯಲಾಯಿತು. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೂ ಸೂಜಿ ಹಾಕಿ ಗ್ರಂಥಿಯ ಚೂರು ತೆಗೆದು ನೋಡಿದ ಅಮೆರಿಕದ ಅಧ್ಯಯನದಲ್ಲಿ ನೂರಕ್ಕೆ ಹದಿನೈದು ಜನರಲ್ಲಿ ಕ್ಯಾನ್ಸರ್ ಕಂಡಿತು. ಇತ್ತ ಅಂಕಿ ಏರಿದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. 2009ರಲ್ಲಿ ಎರಡು ದೊಡ್ಡ ಅಧ್ಯಯನಗಳು ಒಟ್ಟಿಗೆ ಪ್ರಕಟವಾಗಿ ವೈದ್ಯಲೋಕವನ್ನು ಎರಡು ಬಣ ಮಾಡಿದವು: ಯುರೋಪಿನದು ಸಾವು ತಗ್ಗುತ್ತದೆ ಎಂದಿತು, ಅಮೆರಿಕದ್ದು ಇಲ್ಲ ಎಂದಿತು. ಅಮೆರಿಕದ ಅಧ್ಯಯನದಲ್ಲಿ ಪರೀಕ್ಷೆ ಬೇಡವೆಂದು ಬಿಟ್ಟ ಗುಂಪಿನವರೂ ಹೊರಗೆ ಪರೀಕ್ಷೆ ಮಾಡಿಸಿಕೊಂಡಿದ್ದರು ಎಂಬುದು ಆಮೇಲಿನ ತಕರಾರು. ಆಬ್ಲಿನ್ ಅವರೇ 2010ರಲ್ಲಿ, ತಾವು ಗುರುತಿಸಿದ ವಸ್ತುವನ್ನು ಹೀಗೆ ಸಿಕ್ಕಸಿಕ್ಕವರ ಮೇಲೆ ಬಳಸುವುದು ತಪ್ಪೆಂದು ಪತ್ರಿಕೆಯಲ್ಲಿ ಬರೆದರು. 2012ರಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆ ಇದು ಬೇಡವೇ ಬೇಡ ಎಂದಿತು, 2018ರಲ್ಲಿ ಮೆತ್ತಗಾಯಿತು: 55ರಿಂದ 69 ವಯಸ್ಸಿನವರು ವೈದ್ಯರೊಡನೆ ಮಾತಾಡಿ ತಾವೇ ನಿರ್ಧರಿಸಲಿ, ಎಪ್ಪತ್ತರ ನಂತರ ಬೇಡ. ಮಾತಾಡಿ ಎಂಬ ಆ ಒಂದು ಕ್ರಿಯಾಪದಕ್ಕೆ ಬರಲು 1994ರ ಒಪ್ಪಿಗೆಯಿಂದ ಅವರಿಗೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

ಲೆಕ್ಕ ಈಗ ಎಲ್ಲಿಗೆ ಬಂದಿದೆ? ಯುರೋಪಿನ ಆ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಹೊರಬಂತು. ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ನೂರಕ್ಕೆ 13ರಷ್ಟು ತಗ್ಗಿದೆ. ಇಳಕಲ್ಲಿನ ನೇಕಾರ ಓಣಿಗಳಿಂದ 55ರಿಂದ 69 ವಯಸ್ಸಿನ 456 ಗಂಡಸರನ್ನು ಕರೆದು ಕೂರಿಸಿದ್ದೇವೆ ಎಂದುಕೊಳ್ಳಿ. ಆ ಲೆಕ್ಕದಂತೆ, ವರ್ಷಗಟ್ಟಲೆ ಪರೀಕ್ಷೆ ಮಾಡುತ್ತ ಹೋದರೆ 23 ವರ್ಷಗಳಲ್ಲಿ ಒಬ್ಬನ ಈ ಸಾವು ತಪ್ಪುತ್ತದೆ. ಅವನ ಜೊತೆಗೆ, ಹುಡುಕದಿದ್ದರೆ ಗೊತ್ತೇ ಆಗದಿದ್ದ ಕ್ಯಾನ್ಸರು ಹನ್ನೊಂದು ಹನ್ನೆರಡು ಜನರಿಗೆ ಇದೆಯೆಂದು ಗೊತ್ತಾಗುತ್ತದೆ. ನಮ್ಮಲ್ಲಿ ಈ ರೋಗದ ಪ್ರಮಾಣ ಯುರೋಪಿಗಿಂತ ಕಡಿಮೆಯಾದ್ದರಿಂದ ಒಬ್ಬನನ್ನು ಉಳಿಸಲು ಇನ್ನೂ ಹೆಚ್ಚು ಜನ ಬೇಕಾಗಬಹುದು. ಆ ಒಬ್ಬ ನಮ್ಮ ಅಪ್ಪನಾದರೆ ಲೆಕ್ಕ ಬೇರೆ, ನಿಜ. ಉಳಿದವರ ಪಾಡೂ ಲೆಕ್ಕವೇ: ಚಿಕಿತ್ಸೆಯ ಬಳಿಕ ಉಚ್ಚಿ ತಡೆಯಲಾರದೆ ಬಟ್ಟೆ ಕಟ್ಟಿಕೊಂಡು ಮದುವೆ ಮುಂಜಿ ತಪ್ಪಿಸಿಕೊಳ್ಳುವವನು, ಗಂಡಸುತನ ಹೋಯಿತೆಂದು ಯಾರಿಗೂ ಹೇಳಲಾರದವನು. ಸಮಾಧಾನದ ಸಂಗತಿ ಎಂದರೆ, ಕಂಡದ್ದನ್ನೆಲ್ಲ ಕೊಯ್ಯಬೇಕೆಂಬ ಹಟ ಈಗ ಇಳಿದಿದೆ. ಗ್ರಂಥಿಯೊಳಗೇ ಇದ್ದ ಕ್ಯಾನ್ಸರನ್ನು ಕಾಯ್ದು ನೋಡಿದರೂ, ಕೊಯ್ದರೂ, ಕಿರಣ ಕೊಟ್ಟರೂ 15 ವರ್ಷಗಳಲ್ಲಿ ಅದರಿಂದ ಸತ್ತವರು ನೂರಕ್ಕೆ ಮೂವರ ಆಸುಪಾಸು ಎಂದು ಬ್ರಿಟನ್ನಿನ ಅಧ್ಯಯನ 2023ರಲ್ಲಿ ತೋರಿಸಿತು. ಅಂಕಿ ಏರಿದ ಕೂಡಲೇ ಸೂಜಿ ಹಾಕುವ ಬದಲು ಮತ್ತೊಮ್ಮೆ ಅಳೆಯುವುದು, ರಕ್ತದಲ್ಲಿ ಬೇರೆ ಪ್ರೋಟೀನಿಗೆ ಅಂಟದ ಮುಕ್ತ ಪಿಎಸ್‌ಎಯ ಪಾಲು ನೋಡುವುದು (ಅದು ಕಡಿಮೆಯಿದ್ದಷ್ಟೂ ಸಂಶಯ ಹೆಚ್ಚು), ಎಂಆರ್‌ಐ ಮಾಡಿ ಸಂಶಯದ ಜಾಗ ಗುರುತಿಸುವುದು ರೂಢಿಯಾಗುತ್ತಿದೆ.

ಅಮೆರಿಕದ ತಪ್ಪು ಅತಿಯಾಗಿ ಹುಡುಕಿದ್ದು. ನಮ್ಮ ಸೀಮೆಯ ತಪ್ಪು ಅದಲ್ಲ. ಇಳಕಲ್ಲಿನ ನೇಕಾರನೊಬ್ಬನ ನೆನಪಾಗುತ್ತದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನಲವತ್ತು ವರ್ಷ ಸೀರೆ ನೇಯ್ದವನಿಗೆ ನಡ ನೋಯುವುದು ಸಹಜ ಎಂದು ಮನೆಯವರೂ ಅಂದರು, ಅವನೂ ಅಂದುಕೊಂಡ. ಎಣ್ಣೆ ತಿಕ್ಕಿಸಿದ, ಪಟ್ಟು ಹಾಕಿಸಿದ, ಗುಳಿಗೆ ನುಂಗಿದ. ರಾತ್ರಿ ಐದಾರು ಸಲ ಏಳುತ್ತಿದ್ದದ್ದನ್ನು ಯಾರೂ ಕೇಳಲಿಲ್ಲ. ವರ್ಷ ಕಳೆದು ಕಾಲಿನ ಬಲ ಹೋದಾಗ ರಕ್ತ ತೆಗೆದರು. ಅಂಕಿ ನೂರುಗಳಲ್ಲಿತ್ತು, ರೋಗ ಬೆನ್ನೆಲುಬಿನಲ್ಲಿತ್ತು. ರಾತ್ರಿ ಪದೇಪದೇ ಏಳುವವರು, ಉಚ್ಚಿಯಲ್ಲಿ ರಕ್ತ ಕಂಡವರು, ಬಿಡದ ನಡನೋವಿನ ಹಿರಿಯರು ಮಾಡಿಸಬೇಕಾದದ್ದು ರೋಗಲಕ್ಷಣದ ತನಿಖೆ. ಮೇಲಿನ ವಾದವಿವಾದಗಳೆಲ್ಲ ಲಕ್ಷಣವೇ ಇಲ್ಲದವರಿಗೆ ಸಂಬಂಧಿಸಿದ್ದು. ಈ ಎರಡನ್ನು ಕಲಸಿಬಿಟ್ಟದ್ದರಿಂದ ದುಡ್ಡಿದ್ದ ಆರೋಗ್ಯವಂತ ವರ್ಷಕ್ಕೊಮ್ಮೆ ಪ್ಯಾಕೇಜು ಮಾಡಿಸುತ್ತಾನೆ, ಬೇಕಾದವನು ಎಣ್ಣೆ ತಿಕ್ಕಿಸುತ್ತಾನೆ.

ಸರ್ಕಾರದ ಮಾತನ್ನೂ ತೂಗಬೇಕು. ಕ್ಯಾನ್ಸರ್, ಸಕ್ಕರೆ ಕಾಯಿಲೆಯಂಥ ರೋಗಗಳ ತಡೆಗೆಂದು 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಮುಂದೆ ಮೂವತ್ತು ದಾಟಿದವರ ತಪಾಸಣೆಗೆ ಬಂದಾಗ ಬಾಯಿ, ಸ್ತನ, ಗರ್ಭಕಂಠ ಎಂದು ಮೂರು ಕ್ಯಾನ್ಸರುಗಳನ್ನು ಆರಿಸಿಕೊಂಡಿತು. ಪ್ರಾಸ್ಟೇಟ್ ಆ ಪಟ್ಟಿಯಲ್ಲಿಲ್ಲ. ಎಲ್ಲರಿಗೂ ಪಿಎಸ್‌ಎ ಮಾಡುವುದು ನಮ್ಮ ದೇಶಕ್ಕೆ ಒಗ್ಗದು ಎಂಬುದನ್ನು ಒಪ್ಪೋಣ. ಆದರೆ 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಈ ರೋಗ ಗಂಡಸರ ಮುಂಚೂಣಿಯ ಕ್ಯಾನ್ಸರುಗಳ ಸಾಲಿಗೆ ಬಂದಿರುವುದನ್ನು ಕಂಡೂ, ಬಿಪಿ ತೋರಿಸಲು ಬಂದ ಹಿರಿಯನಿಗೆ ಉಚ್ಚಿ ಸಲೀಸಾಗಿ ಹೋಗುತ್ತದೆಯೇ, ಅಪ್ಪನಿಗೋ ಅಣ್ಣತಮ್ಮನಿಗೋ ಈ ರೋಗ ಇತ್ತೇ ಎಂದು ಕೇಳುವ ಎರಡು ಪ್ರಶ್ನೆ ಸೇರಿಸಲು ದುಡ್ಡು ಬೇಕಿರಲಿಲ್ಲ. 2018ರ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಯ ಭಾರ ಇಳಿಸಿದೆ, ಅದನ್ನು ನೆನೆಯಬೇಕು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ರೋಗ ಎಲುಬಿಗೆ ಮುಟ್ಟಿದ್ದರೆ ಆ ಯೋಜನೆಯ ಕಾರ್ಡು ಏನು ಮಾಡೀತು? ಇಳಕಲ್ಲಿನ ಮಹಾಂತ ಸ್ವಾಮೀಜಿಯವರು ಚಟ ಬಿಡಿಸಲು ಹಿಡಿದ ಜೋಳಿಗೆಗೆ ಗುಟ್ಕಾ, ಬೀಡಿ, ಸಾರಾಯಿ ಹಾಕಿ ಬದುಕಿಕೊಂಡವರು ಈ ಸೀಮೆಯಲ್ಲಿ ಬಹಳ ಜನ ಇದ್ದಾರೆ. ಈ ರೋಗಕ್ಕೆ ಆ ದಾರಿಯೂ ಇಲ್ಲ. ಇದರ ಮುಖ್ಯ ಕಾರಣಗಳು ವಯಸ್ಸು ಮತ್ತು ಮನೆತನ; ಎರಡನ್ನೂ ಜೋಳಿಗೆಗೆ ಹಾಕಲು ಬರುವುದಿಲ್ಲ.

ಕಳೆದುಹೋದದ್ದರಲ್ಲಿ ನಮಗೆ ಹೆಚ್ಚು ಕೊರತೆಯೆನಿಸುವುದು ಆ ಹಳೆಯ ವೈದ್ಯರು. ಅವರ ಬಳಿ ಇದ್ದದ್ದು ಕೈಬೆರಳೊಂದೇ, ಆದರೆ ಬೆರಳು ಹಾಕುವ ಮೊದಲು ಅವರು ಅರ್ಧ ತಾಸು ಮಾತಾಡಿಸುತ್ತಿದ್ದರು. ಈಗ ಯಂತ್ರ ಸೂಕ್ಷ್ಮವಾಗಿದೆ, ಕೇಳುವವರು ಇಲ್ಲ. ಐವತ್ತೈದು ದಾಟಿದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ರಕ್ತ ಕೊಡುವ ಮೊದಲು, ನುಂಗುತ್ತಿರುವ ಗುಳಿಗೆ, ಇತ್ತೀಚಿನ ಜ್ವರ, ಮನೆಯಲ್ಲಿ ಯಾರಿಗಾದರೂ ಈ ರೋಗ ಇದ್ದದ್ದು ಇವನ್ನು ನೀವೇ ಬಾಯಿಬಿಟ್ಟು ಹೇಳಿ. ಅಂಕಿ ಏರಿ ಬಂದರೆ ಹೊಲ ಮಾರುವ ಮಾತಿಗೆ ಮೊದಲು ಇನ್ನೊಮ್ಮೆ ಅಳೆಸಿ, ಆದಷ್ಟು ಅದೇ ಲ್ಯಾಬಿನಲ್ಲಿ. ಈ ಪರೀಕ್ಷೆಯಲ್ಲಿ ಇವತ್ತಿನ ಅಂಕಿಯೊಂದಕ್ಕಿಂತ, ಅದು ವರ್ಷದಿಂದ ವರ್ಷಕ್ಕೆ ಹೇಗೆ ನಡೆದು ಬಂದಿದೆ ಎಂಬುದು ಹೆಚ್ಚು ತಿಳಿಸುತ್ತದೆ. ಆದ್ದರಿಂದ ಹಳೆಯ ಕಾಗದಗಳನ್ನು ಎಸೆಯಬೇಡಿ, ರೇಶನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.