ಕಿತ್ತೂರಿಗೊಂದು ಬಸ್ಸು, ಬಸ್ಸಿಗೊಬ್ಬ ಗೈಡು

ನಮ್ಮ ಕಡೆಯ ಹುಡುಗರು ಶಾಲೆಯ ಟೂರಿಗೆಂದು ಬೆಂಗಳೂರಿಗೆ ಹೋದರೆ, ರೈಲಿಳಿದು ಮೊದಲು ಕಾಲಿಡುವುದೇ ಸಂಗೊಳ್ಳಿ ರಾಯಣ್ಣನ ಹೆಸರಿನ ನಿಲ್ದಾಣದಲ್ಲಿ. ಅಲ್ಲಿಂದ ಪ್ರವಾಸದ ಬಸ್ಸು ಹತ್ತಿದರೆ 1956ರಲ್ಲಿ ಕಟ್ಟಿ ಮುಗಿಸಿದ ವಿಧಾನಸೌಧ, ಟಿಪ್ಪುವಿನ ಬೇಸಿಗೆ ಅರಮನೆ, ದೊಡ್ಡ ಬಸವಣ್ಣ, ಲಾಲ್‌ಬಾಗ್. ಮುಂದಿನ ಸೀಟಿನ ಹತ್ತಿರ ಮೈಕು ಹಿಡಿದು ನಿಂತವನು ಒಂದೊಂದರ ಕತೆಯನ್ನೂ ಹೇಳುತ್ತಾನೆ. ದೆಹಲಿಗೆ ಹೋದವರಿಗೆ ಕೆಂಪುಕೋಟೆ, ಕುತುಬ್ ಮಿನಾರ್ ತೋರಿಸಲೂ ಇಂಥದ್ದೇ ಬಸ್ಸು ಇದೆ. ಅಲ್ಲಿನ ಸಂಸತ್ತಿನ ಆವರಣದಲ್ಲಿ 2007ರಿಂದ ನಮ್ಮ ಕಿತ್ತೂರಿನ ರಾಣಿ ಚೆನ್ನಮ್ಮನ ಪ್ರತಿಮೆಯೂ ನಿಂತಿದೆ. ಮಕ್ಕಳು ಇದನ್ನೆಲ್ಲ ನೋಡಲೇಬೇಕು. ಆದರೆ ಕಿತ್ತೂರೂ ಒಂದು ರಾಜಧಾನಿಯಾಗಿತ್ತು, ಅದನ್ನು ತೋರಿಸುವ ಬಸ್ಸು ಎಲ್ಲಿದೆ?

ಹೆದ್ದಾರಿಯ ಪಕ್ಕದ ಊರಾದ್ದರಿಂದ ಕಿತ್ತೂರಿಗೆ ಜನ ಬರುತ್ತಾರೆ. ಕಾರು ನಿಲ್ಲಿಸಿ, ಕೋಟೆಯೊಳಗೆ ಹೊಕ್ಕು, ಮುರಿದ ಗೋಡೆಗಳ ಮುಂದೆ ಫೋಟೊ ತೆಗೆಸಿಕೊಂಡು ಅರ್ಧ ತಾಸಿನಲ್ಲಿ ಮರಳುತ್ತಾರೆ. “ಸರ, ಇಲ್ಲಿ ಬರೇ ಗ್ವಾಡಿ ಅದಾವಲ್ರಿ” ಎಂದು ಯಾವುದಾದರೂ ಹುಡುಗ ಕೇಳಿದರೆ ಅದು ಅವನ ತಪ್ಪಲ್ಲ. ವಾಡೆ ಇದ್ದದ್ದು ಹೇಗೆ, ಅದನ್ನು ಹಾಳು ಮಾಡಿದವರು ಯಾರು ಎಂದು ಹೇಳುವವರು ಇಲ್ಲದ ಕಡೆ ಕಲ್ಲು ಬರೀ ಕಲ್ಲಾಗಿಯೇ ಉಳಿಯುತ್ತದೆ.

ಹೇಳುವವನೊಬ್ಬ ಇದ್ದರೆ ಅಗಸಿಯ ಹತ್ತಿರವೇ ಒಂದು ತಾಸು ಸಾಲದು. 1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಮಗನನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಬಂದು ಖಜಾನೆಗೆ ಮುದ್ರೆ ಹಾಕಿಸಿದ, ತೋಪು ತರಿಸಿದ, ಬಾಗಿಲು ತೆರೆಯಿರೆಂದು ಬೆದರಿಸಿದ. ಅಕ್ಟೋಬರ್ 23ರಂದು ಬಾಗಿಲು ತೆರೆಯಿತು, ಆದರೆ ಹೊರಗೆ ನುಗ್ಗಿ ಬಂದದ್ದು ಕಿತ್ತೂರಿನ ಸೈನ್ಯ. ಥ್ಯಾಕರೆ ಅಲ್ಲೇ ಬಿದ್ದ. ಅವನನ್ನು ಗುಂಡಿಟ್ಟು ಕೆಡವಿದವನು ಅಮಟೂರ ಬಾಳಪ್ಪ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ದತ್ತು ಹಕ್ಕನ್ನು ಕಸಿಯುವ ನೀತಿಗಾಗಿ ಡಾಲ್‌ಹೌಸಿಯ ಹೆಸರನ್ನು ಪಾಠಪುಸ್ತಕದಲ್ಲಿ ಓದುತ್ತೇವೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅದಕ್ಕೆ 24 ವರ್ಷ ಮೊದಲೇ ಅದೇ ಅನ್ಯಾಯಕ್ಕೆ ಕಿತ್ತೂರು ಆಗದು ಎಂದಿತ್ತು, ಝಾನ್ಸಿಗಿಂತ 33 ವರ್ಷ ಮೊದಲು. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ದಂಡು ಕಟ್ಟಿಕೊಂಡು ಮತ್ತೆ ಬಂತು, ಕೋಟೆ ಬಿತ್ತು. ಈ ಮಾತುಗಳನ್ನು ಆ ಅಗಸಿಯ ಎದುರು ನಿಂತೇ ಕೇಳಬೇಕು.

ಕಿತ್ತೂರಿನ ಕತೆ ಕೋಟೆಯೊಳಗೆ ಮುಗಿಯುವುದಿಲ್ಲ. ಬಸ್ಸೇ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಚೆನ್ನಮ್ಮನನ್ನು ಸೆರೆಯಲ್ಲಿಟ್ಟದ್ದು ಬೈಲಹೊಂಗಲದಲ್ಲಿ, 1829ರ ಫೆಬ್ರುವರಿಯಲ್ಲಿ ಆಕೆ ತೀರಿಕೊಂಡದ್ದೂ ಅಲ್ಲೇ. ಸಮಾಧಿ ಇಂದಿಗೂ ಊರ ನಡುವೆ ಇದೆ. ಕೋಟೆ ಬಿದ್ದ ಮೇಲೂ ಕಾದಾಡಿದ ರಾಯಣ್ಣ ಹುಟ್ಟಿದ್ದು ಮಲಪ್ರಭೆಯ ದಂಡೆಯ ಸಂಗೊಳ್ಳಿಯಲ್ಲಿ. ಅವನು ಕಂಪನಿಯ ಕಚೇರಿ ಸುಟ್ಟದ್ದು ಬೀಡಿಯಲ್ಲಿ, ದಾಳಿ ಇಟ್ಟದ್ದು ಸಂಪಗಾವಿಯ ಮೇಲೆ. ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಥ್ಯಾಕರೆಯ ಗೋರಿ ಇರುವುದು ಧಾರವಾಡದಲ್ಲಿ. ಒಂದೇ ಕತೆ ಇಷ್ಟು ಊರುಗಳಲ್ಲಿ ಚೆದುರಿಹೋಗಿದೆ. ಲೈನ್ ಬಸ್ಸಿನಲ್ಲಿ ಹತ್ತಿ ಇಳಿದು ಇದನ್ನು ಪೂರ್ತಿ ನೋಡಲು ಹೊರಟವರಿಗೆ ಒಂದು ದಿನದಲ್ಲಿ ಅರ್ಧವೂ ಮುಗಿಯದು. ಕೋಟೆ ನೋಡಿ, ರಾಯಣ್ಣನ ನೆನಪು ಹೊತ್ತ ನಂದಗಡದ ಆಲದ ಮರ ನೋಡದೆ ಮರಳಿದವರಿಗೆ ಕಿತ್ತೂರು ಏನು ಕಳೆದುಕೊಂಡಿತೆಂಬುದು ತಿಳಿಯುವುದೇ ಇಲ್ಲ.

ಆದ್ದರಿಂದ ಭಾನುವಾರಕ್ಕೊಮ್ಮೆ ಧಾರವಾಡದಿಂದ ಬಸ್ಸು ಹೊರಡಲಿ. ಥ್ಯಾಕರೆಯೂ ಹೊರಟದ್ದು ಅಲ್ಲಿಂದಲೇ. ಕಿತ್ತೂರು, ದಾರಿಯಲ್ಲಿ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ದೇಗಾವಿಯ ಕಮಲನಾರಾಯಣ ಗುಡಿ, ನಂದಗಡ, ಸಂಗೊಳ್ಳಿ, ಬೈಲಹೊಂಗಲ. ಎರಡು ದಿನ ಬಿಡುವಿದ್ದವರನ್ನು ಹೊಳೆಯ ಗುಂಟ ಕೆಳಗೆ ಕರೆದೊಯ್ಯಬಹುದು. ಸವದತ್ತಿ, ಅಂದರೆ ಹಿಂದಿನ ಸುಗಂಧವರ್ತಿ, ರಟ್ಟರು ಬೆಳಗಾವಿಗೆ ಹೋಗುವ ಮುನ್ನ ಅವರ ರಾಜಧಾನಿ. 1948ರವರೆಗೆ ರಾಮದುರ್ಗವೂ ಒಂದು ಸಂಸ್ಥಾನದ ರಾಜಧಾನಿಯೇ. ನಡುವೆ ನವಿಲುತೀರ್ಥ. ಗುಡ್ಡ ಸೀಳಿ ಹರಿಯುವ ಮಲಪ್ರಭೆಗೆ ಅಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರನ್ನೇ ಇಂದು ಹುಬ್ಬಳ್ಳಿ-ಧಾರವಾಡ ಕುಡಿಯುತ್ತಿದೆ. ಸಂಗೊಳ್ಳಿಯನ್ನು ಮುಟ್ಟಿ ಬಂದ ನೀರದು. ಗೈಡ್ ಆದವನು ಅಷ್ಟನ್ನು ತಪ್ಪದೆ ಹೇಳಬೇಕು.

ಗೈಡ್ ಎಂದರೆ ಉರು ಹೊಡೆದದ್ದನ್ನು ಒಪ್ಪಿಸುವವನಲ್ಲ. ನಮ್ಮ ಕಡೆ ಕಿತ್ತೂರಿನ ಕತೆ ಲಾವಣಿಯಲ್ಲಿ, ಗೀಗೀ ಪದದಲ್ಲಿ ಜೀವಂತವಾಗಿದೆ, ಕಂಪನಿಯ ಕಾಗದಪತ್ರಗಳಲ್ಲೂ ಇದೆ. ಯಾವುದು ಹಾಡಿನ ಮಾತು, ಯಾವುದು ದಾಖಲೆಯ ಮಾತು ಎಂದು ಬೇರೆ ಮಾಡಿ, ಎರಡಕ್ಕೂ ಮರ್ಯಾದೆ ಕೊಟ್ಟು ಹೇಳಬಲ್ಲವರು ಬೇಕು. ಬೆಳಗಾವಿಯಲ್ಲಿ ಚೆನ್ನಮ್ಮನ ಹೆಸರಿನದೇ ವಿಶ್ವವಿದ್ಯಾಲಯವಿದೆ. ಅಲ್ಲಿ ಇತಿಹಾಸ ಓದುವ ಈ ತಾಲ್ಲೂಕುಗಳ ಹುಡುಗ ಹುಡುಗಿಯರನ್ನು ಆರಿಸಿ ಕಲಿಸಿದರೆ ಅವರಿಗೆ ದುಡಿಮೆಯೂ ಆಯಿತು. ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರ ಈ ಕೆಲಸ ಮಾಡಲಾರದು. ಹುಡುಗ ಮರುಪ್ರಶ್ನೆ ಹಾಕಿದರೆ ಅದು ಉತ್ತರ ಕೊಡುವುದಿಲ್ಲ.

ಪ್ರತಿ ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ ನಡೆಯುತ್ತದೆ. ಮಂಟಪ, ದೀಪ, ಹಾಡುಗಾರರು ಎಲ್ಲ ಇರಲಿ, ಅದು ಊರಿನ ಹಬ್ಬ. ಆ ಖರ್ಚಿನ ಒಂದು ಪಾಲನ್ನು ಉಳಿದ ದಿನಗಳ ಬಸ್ಸಿಗೆ ತೆಗೆದಿಡಲಿ. ಸರಕಾರಿ ಶಾಲೆಯ ಮಕ್ಕಳಿಗೆ ಟಿಕೆಟ್ ಬೇಡ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕೊಲ್ಹಾಪುರ, ಸಾಂಗಲಿ ಕಡೆಯಿಂದ ಬರುವ ಭಕ್ತರಿಗೂ ಇದರಲ್ಲಿ ಜಾಗ ಇರಲಿ. ಅವರಿಗಾಗಿ ಮರಾಠಿ ಬಲ್ಲ ಒಬ್ಬ ಗೈಡ್ ಬೇಕಾಗುತ್ತದೆ. ಎರಡೂ ಭಾಷೆಯನ್ನು ಮನೆಮಾತಿನಂತೆ ಆಡುವ ಮಕ್ಕಳಿಗೆ ಬೆಳಗಾವಿ ಜಿಲ್ಲೆಯಲ್ಲಿ ಕೊರತೆಯಿಲ್ಲ.