ಬಿಟ್ಟಿ ಯಾವುದು, ಹಕ್ಕು ಯಾವುದು?

ಕಳೆದ ದೀಪಾವಳಿಯ ಸಂಜೆ ಇಂಗ್ಲೆಂಡಿನ ನಮ್ಮ ಊರಿನಲ್ಲಿ ಕನ್ನಡಿಗ ಮಿತ್ರರೊಬ್ಬರ ಮನೆಯಲ್ಲಿ ಎಂಟು-ಹತ್ತು ಕುಟುಂಬಗಳು ಸೇರಿದ್ದೆವು. ಬಿಸಿಬೇಳೆಬಾತ್ ಮುಗಿದು ಕಾಫಿ ಬರುವ ಹೊತ್ತಿಗೆ ಮಾತು ಎಂದಿನಂತೆ ಕರ್ನಾಟಕದ ರಾಜಕೀಯದತ್ತ ತಿರುಗಿತು. "ಎಲ್ಲವನ್ನೂ ಬಿಟ್ಟಿ ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡಿಬಿಟ್ಟರು" ಎಂದರು ಒಬ್ಬರು. "ಅಷ್ಟೂ ನಮ್ಮ ತೆರಿಗೆಯ ಹಣ" ಎಂದು ಇನ್ನೊಬ್ಬರು ದನಿಗೂಡಿಸಿದರು. ಅವರು ಭಾರತದಲ್ಲಿ ಆದಾಯ ತೆರಿಗೆ ಕಟ್ಟುವುದನ್ನು ಬಿಟ್ಟು ಹದಿನೈದು ವರ್ಷಗಳಾದರೂ ಆಗಿವೆ. ಆದರೂ ಯಾರೂ ನಗಲಿಲ್ಲ. ನಗುವ ನೈತಿಕ ಹಕ್ಕು ನನಗೂ ಇರಲಿಲ್ಲ. ಕೆಲವೇ ತಿಂಗಳ ಹಿಂದೆ ಅದೇ ಮಾತನ್ನು ನಾನೂ ಆಡಿದ್ದೆ.

ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ, ಕೊರಟಗೆರೆಯ ಹತ್ತಿರವಿರುವ ದೊಡ್ಡಪ್ಪನ ಮನೆಯಲ್ಲಿ ಗಂಡಸರೆಲ್ಲ ಊಟಕ್ಕೆ ಕುಳಿತಿದ್ದೆವು. ಐದು ಗ್ಯಾರಂಟಿಗಳ ಮಾತು ಬಂತು. 2025-26ರ ಮುಂಗಡಪತ್ರದಲ್ಲಿ ಅವುಗಳಿಗೆಂದು ತೆಗೆದಿರಿಸಿದ ಮೊತ್ತ ಸುಮಾರು 51,000 ಕೋಟಿ ರೂಪಾಯಿ. ನಾನು ಆ ಅಂಕಿಯನ್ನು ಹೇಳಿ, ರಾಜ್ಯದ ಸಾಲ, ಕುಂಠಿತವಾಗುವ ರಸ್ತೆ-ನೀರಾವರಿ ಕಾಮಗಾರಿಗಳು ಎಂದೆಲ್ಲ ವಿವರಿಸಿ, "ಹೀಗೆ ಹಂಚುತ್ತಾ ಹೋದರೆ ದುಡಿಯುವವರು ಯಾರು?" ಎಂದು ಮುಗಿಸಿದೆ. ದೊಡ್ಡಪ್ಪನ ಮಗ ತಲೆದೂಗಿದ. ಅತ್ತಿಗೆ ಮುದ್ದೆಗೆ ಸಾರು ಬಡಿಸುತ್ತಾ ಏನೂ ಹೇಳದೆ ಒಳಗೆ ಹೋದರು. ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿದ್ದುದು ಅವರ ಖಾತೆಗೆ. ಪ್ರತಿದಿನ ಶಕ್ತಿ ಯೋಜನೆಯ ಬಸ್ಸಿನಲ್ಲಿ ತುಮಕೂರಿನ ಹೊಲಿಗೆ ಘಟಕಕ್ಕೆ ಹೋಗಿಬರುತ್ತಿದ್ದವರೂ ಅವರೇ. ಇದು ನನಗೆ ಗೊತ್ತಿತ್ತು. ಆದರೆ ಮಾತಿನ ಭರದಲ್ಲಿ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ನನಗೂ ತುಮಕೂರಿನಲ್ಲಿ ಕೆಲಸವಿದ್ದುದರಿಂದ ಅತ್ತಿಗೆಯ ಜೊತೆಯಲ್ಲೇ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು ಟಿಕೆಟ್ ಹಿಡಿದುಕೊಂಡೇ ಗೊಣಗಿದರು: "ದುಡ್ಡು ಕೊಟ್ಟೋನು ನಿಂತ್ಕೋಬೇಕು, ಬಿಟ್ಟಿ ಬರೋರು ಕೂತ್ಕೋಬೇಕು. ಜನವರೀಲಿ ರೇಟ್ ಬೇರೆ ಏರಿಸಿದ್ರು." ಸೀಟಿನಲ್ಲಿದ್ದ ಅತ್ತಿಗೆ ಕೂಡಲೇ ಎದ್ದು ಅವರನ್ನು ಕೂರಿಸಿದರು. ನಿಂತುಕೊಂಡೇ ಉತ್ತರವನ್ನೂ ಕೊಟ್ಟರು: "ಕೂತ್ಕೊಳ್ಳಿ ಯಜಮಾನ್ರೇ. ಆದ್ರೆ ಒಂದ್ ಮಾತು. ನಾನು ಮೊದ್ಲು ಊರಲ್ಲೇ ಕೂಲಿಗೆ ಹೋಗ್ತಿದ್ದೆ. ದಿನಾ ಎಪ್ಪತ್ತು-ಎಂಬತ್ತು ರೂಪಾಯಿ ಬಸ್ಸಿಗೇ ಹೋದ್ರೆ ತುಮಕೂರಲ್ಲಿ ದುಡಿದು ಏನು ಉಳೀತದೆ? ಈಗ ದುಡಿಯೋಕೆ ಅಂತಲೇ ಹೋಗ್ತಿದೀನಿ, ಸುಮ್ನೆ ಸುತ್ತೋಕಲ್ಲ."

ಮುದುಕರು ಬಿಟ್ಟುಕೊಡಲಿಲ್ಲ. "ನಿಂದು ಸರಿ ಕಣಮ್ಮ. ಭಾನುವಾರ ದೇವಸ್ಥಾನ ದೇವಸ್ಥಾನ ಅಂತ ತಿರುಗೋರು?" ಎಂದರು. "ನಲವತ್ತು ವರ್ಷ ಒಲೆ ಮುಂದೆ ಕೂತೋಳು ಒಂದು ದಿನ ಧರ್ಮಸ್ಥಳ ನೋಡಿದ್ರೆ ನಿಮಗೇನು ನಷ್ಟ?" ಎಂದು ಹಿಂದಿನಿಂದ ಇನ್ನೊಬ್ಬಾಕೆ ಕೇಳಿದರು. ನಡುವೆ ಸಿಕ್ಕಿದ ಕಂಡಕ್ಟರ್ ತಮ್ಮ ಅಳಲನ್ನೂ ಸೇರಿಸಿದರು: "ಜನ ಜಾಸ್ತಿ ಆದ್ರು, ಬಸ್ಸು ಅಷ್ಟೇ ಇದೆ. ಸರ್ಕಾರ ನಿಗಮಕ್ಕೆ ಕೊಡೋ ದುಡ್ಡು ಹೊತ್ತಿಗೆ ಸರಿಯಾಗಿ ಕೊಡ್ಲಿ, ನಮ್ಮ ಬಾಕೀನೂ ಕೊಡ್ಲಿ. ಆಮೇಲೆ ಎಷ್ಟು ಜನಾನಾದ್ರೂ ಹತ್ತಿಸ್ಕೋತೀನಿ." ಕಾಲೇಜಿನ ಹುಡುಗನೊಬ್ಬ, ಬಸ್ಸು ನಿಲ್ಲಿಸದೆ ಹೋಗುವುದರಿಂದ ತನಗೆ ಮೊದಲನೇ ತರಗತಿ ತಪ್ಪುತ್ತದೆ ಎಂದ. ತುಮಕೂರು ಬರುವವರೆಗೂ ವಾದ ನಡೆಯಿತು. ಯಾರೂ ತಮ್ಮ ಅಭಿಪ್ರಾಯ ಬದಲಿಸಿಕೊಂಡಂತೆ ಕಾಣಲಿಲ್ಲ. ಆದರೆ ಸಾರಿಗೆ ನೀತಿಯ ಬಗ್ಗೆ ನಾನು ಆ ಒಂದು ಗಂಟೆಯಲ್ಲಿ ಕಲಿತಷ್ಟನ್ನು ಅದುವರೆಗೆ ಯಾವ ಲೇಖನದಿಂದಲೂ ಕಲಿತಿರಲಿಲ್ಲ.

ಇಳಿಯುವಾಗ ಅತ್ತಿಗೆ ಹೇಳಿದರು: "ನಿನ್ನೆ ನೀವು ಹೇಳಿದ್ದು ಪೂರ್ತಿ ತಪ್ಪು ಅಂತಲ್ಲ. ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಸಾರ್ವಜನಿಕ ನೀತಿಯ ಕುರಿತು ಸಾಮಾನ್ಯ ಜನರು ನಡೆಸುವ ವಾದವನ್ನು ಹರಟೆಯೆಂದು ಕಡೆಗಣಿಸುವ ಅಭ್ಯಾಸ ನಮ್ಮ ವಿದ್ಯಾವಂತ ವಲಯದಲ್ಲಿದೆ. ಆ ಬಸ್ಸಿನ ವಾದಕ್ಕೆ ನಮ್ಮ ಕಾಫಿ ಕೂಟದ ಚರ್ಚೆಗಿಲ್ಲದ ಒಂದು ಗುಣವಿತ್ತು. ಅಲ್ಲಿ ನೀತಿಯ ಲಾಭ ಪಡೆದವರೂ ಅದರ ತೊಂದರೆ ಅನುಭವಿಸಿದವರೂ ಎದುರುಬದುರಾಗಿದ್ದರು. ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನು ಮೊದಲು ಹೇಳಿ ಆಮೇಲೆ ವಾದಿಸುತ್ತಿದ್ದರು. ನಮ್ಮ ಕೂಟದಲ್ಲಿ ಎಲ್ಲರೂ ಅತ್ತಿಗೆಯಂಥವರ ಬಗ್ಗೆ ಮಾತನಾಡುತ್ತಿದ್ದೆವು. ನಮ್ಮದೇ ಲೆಕ್ಕವನ್ನು ಮಾತ್ರ ಯಾರೂ ತೆರೆಯಲಿಲ್ಲ.

ತೆರೆದಿದ್ದರೆ ಏನು ಕಾಣುತ್ತಿತ್ತು? ನಮ್ಮಲ್ಲಿ ಹಲವರ ಮಕ್ಕಳು ಹುಟ್ಟಿದ್ದು ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ, ಬಿಲ್ ಇಲ್ಲದೆ. ಮಕ್ಕಳ ಭತ್ಯೆ ಕೆಲವರ ಖಾತೆಗೆ ಇಂದಿಗೂ ಬರುತ್ತಿದೆ. ಅರವತ್ತು ದಾಟಿದವರಿಗೆ ಇಂಗ್ಲೆಂಡಿನಲ್ಲಿ ವೈದ್ಯರು ಬರೆದುಕೊಟ್ಟ ಔಷಧಿ ಉಚಿತ. ಪಿಂಚಣಿಯ ವಯಸ್ಸಾದವರಿಗೆ ಸ್ಥಳೀಯ ಬಸ್ಸೂ ಉಚಿತ. "ಸೋಮಾರಿಗಳು" ಎಂದ ಮಿತ್ರರ ಕಿಸೆಯಲ್ಲೇ ಅಂಥದೊಂದು ಪಾಸ್ ಇದೆ. ಅದನ್ನು ಅವರು ಬಿಟ್ಟಿ ಎನ್ನುವುದಿಲ್ಲ, ಹಕ್ಕು ಎನ್ನುತ್ತಾರೆ. ಅದು ಸರಿಯೇ. 2024ರ ಜುಲೈನಲ್ಲಿ ಇಲ್ಲಿನ ಲೇಬರ್ ಸರ್ಕಾರ ಹಿರಿಯರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಡುತ್ತಿದ್ದ ನೆರವನ್ನು ಕಡುಬಡವರಿಗಷ್ಟೇ ಸೀಮಿತಗೊಳಿಸಿದಾಗ ಸುಮಾರು ಒಂದು ಕೋಟಿ ಜನ ಅದನ್ನು ಕಳೆದುಕೊಂಡರು. ದೇಶವಿಡೀ ವಾದಿಸಿತು. 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿದು, ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯವಿರುವ ಹಿರಿಯರಿಗೆ ನೆರವನ್ನು ಮರಳಿ ಕೊಟ್ಟಿತು. ಆಗ ಸರ್ಕಾರದ ಕ್ರೌರ್ಯವನ್ನು ಖಂಡಿಸಿದವರಲ್ಲಿ ನಮ್ಮ ಮಿತ್ರರೂ ಇದ್ದರು.

"ಇಲ್ಲಿ ನಾವು ತೆರಿಗೆ ಕಟ್ಟುತ್ತೇವೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅತ್ತಿಗೆಯೂ ಕಟ್ಟುತ್ತಾರೆ. 2017ರ ಜುಲೈನಿಂದ ಜಿಎಸ್‌ಟಿಯ ರೂಪದಲ್ಲಿ, ಸೋಪು, ಬಿಸ್ಕತ್ತು, ಚಪ್ಪಲಿ ಕೊಂಡಾಗಲೆಲ್ಲ ಕಟ್ಟುತ್ತಿದ್ದಾರೆ. 2019ರಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗ, ಬಿಟ್ಟುಕೊಡುವ ಆದಾಯ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಎಂದು ಸರ್ಕಾರವೇ ಅಂದಾಜಿಸಿತ್ತು. ಅದನ್ನು ಪ್ರೋತ್ಸಾಹ ಎಂದು ಕರೆದೆವು. ಉದ್ಯಮಿಗಳು ಅದರಿಂದ ಸೋಮಾರಿಗಳಾದಾರೆಂದು ಯಾವ ಕೂಟದಲ್ಲೂ ಯಾರೂ ಆತಂಕಪಟ್ಟದ್ದನ್ನು ನಾನು ಕೇಳಿಲ್ಲ.

ಹಾಗೆಂದು ಗ್ಯಾರಂಟಿಗಳು ಪ್ರಶ್ನಾತೀತವೆಂದು ನಾನು ಹೇಳುತ್ತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಏಳಿಗೆಗೆಂದೇ 2013ರ ಕಾಯ್ದೆಯಡಿ ಮೀಸಲಾದ ಹಣದ ಒಂದು ಪಾಲು ಈ ಯೋಜನೆಗಳಿಗೆ ಹರಿದದ್ದನ್ನು ದಲಿತ ಸಂಘಟನೆಗಳು ಪ್ರಶ್ನಿಸಿವೆ. ಆ ಪ್ರಶ್ನೆ ನ್ಯಾಯವಾದದ್ದು. ಮುದುಕರ ಸಿಟ್ಟು, ಕಂಡಕ್ಟರರ ಬಾಕಿ, ಹುಡುಗನ ತಪ್ಪಿದ ತರಗತಿ ಎಲ್ಲವೂ ನಿಜವೇ. ಆದರೆ ಇವೆಲ್ಲ ಯೋಜನೆಯೊಳಗಿನಿಂದ ಬಂದ ಟೀಕೆಗಳು. ಅವುಗಳಿಗೆ ಉತ್ತರವೂ ಸ್ಪಷ್ಟವಿದೆ: ಹೆಚ್ಚು ಬಸ್ಸು, ಸಕಾಲಕ್ಕೆ ಹಣ, ಮೀಸಲು ನಿಧಿಯ ರಕ್ಷಣೆ. "ಜನ ಕೆಟ್ಟರು" ಎಂಬ ದೂರಿಗೆ ಮಾತ್ರ ಇಂಥ ಯಾವ ಉತ್ತರವೂ ಇಲ್ಲ. ಜನರನ್ನು ಹೀಗಳೆಯುವುದನ್ನು ಬಿಟ್ಟು ಆ ದೂರು ಬೇರೇನನ್ನೂ ಮಾಡುವುದಿಲ್ಲ.

ನಮ್ಮ ಸ್ಥಿತಿಯಲ್ಲೊಂದು ವಿಚಿತ್ರವಿದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣಕ್ಕೆ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಬ್ರಿಟಿಷ್ ಪ್ರಜೆಗಳಾಗಿ ಒಸಿಐ ಕಾರ್ಡ್ ಪಡೆದವರಿಗೆ ಭಾರತದಲ್ಲಿ ಮತವಿಲ್ಲ. ಆದರೂ ನಮ್ಮ ಬಿಸಿಬಿಸಿ ಮಾತೆಲ್ಲ ಅಲ್ಲಿಯದೇ. ದೂರದಿಂದ ಮಾತನಾಡಬಾರದೆಂದಲ್ಲ, ಹುಟ್ಟಿದ ನಾಡಿನ ಚಿಂತೆ ವಿಮಾನ ಹತ್ತಿದೊಡನೆ ಕಳಚಿಹೋಗುವುದಿಲ್ಲ. ಆದರೆ ನಮ್ಮ ಅಭಿಪ್ರಾಯ ಗೆದ್ದರೆ ಅದರ ಬೆಲೆಯನ್ನು ಬಸ್ಸಿನ ಬಾಗಿಲಲ್ಲಿ ತೆರುವವರು ಬೇರೆಯವರು. ಅವರನ್ನು ಒಮ್ಮೆ ಕೇಳಿ ಮಾತನಾಡುವುದು ಕನಿಷ್ಠ ಸೌಜನ್ಯ.

ಆ ದೀಪಾವಳಿಯಂದು ಇದನ್ನೆಲ್ಲ ಹೇಳುವಷ್ಟು ಧೈರ್ಯ ನನಗಾಗಲಿಲ್ಲ. ಅತ್ತಿಗೆಯ ಬಸ್ಸಿನ ಕಥೆಯನ್ನು ಮಾತ್ರ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಮಿತ್ರರು, "ಅವರಿಗೆ ತಿಂಗಳಿಗೆ ಎಷ್ಟು ಸಂಬಳವಂತೆ?" ಎಂದು ಕೇಳಿದರು. ಆ ಸಂಜೆ ಕೇಳಿಬಂದ ಮೊದಲ ನಿಜವಾದ ಪ್ರಶ್ನೆ ಅದು. ಉತ್ತರ ನನಗೂ ಗೊತ್ತಿರಲಿಲ್ಲ.